ಕಸಿ ಮಾಡಿದ ಕಿಡ್ನಿ, ದಿನದ ಮಾತ್ರೆ ಮತ್ತು ರಮಝಾನ್

ತುಮಕೂರು, ಗುಬ್ಬಿ, ಕುಣಿಗಲ್‌ನ ಯಾವ ಮನೆಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರಿದ್ದಾರೋ ಅಲ್ಲಿ ರಮಝಾನ್ ಹತ್ತಿರವಾದಂತೆ ಒಂದು ಪ್ರಶ್ನೆ ಏಳುತ್ತದೆ: ಉಪವಾಸ ಹಿಡಿಯಬಹುದೇ? ಉತ್ತರಕ್ಕೆ ಮೊದಲು ಅವರು ನಿತ್ಯ ನುಂಗುವ ಮಾತ್ರೆಯ ಕೆಲಸವೇನೆಂದು ತಿಳಿಯೋಣ.

ಅಲ್ಲಾಹನು ನಮ್ಮ ದೇಹದೊಳಗೆ ಒಂದು ಕಾವಲು ಇಟ್ಟಿದ್ದಾನೆ. ರೋಗಾಣುವನ್ನು ಹೊಡೆದಟ್ಟುವ ಆ ಕಾವಲು, ಹೆತ್ತ ತಾಯಿ ಕೊಟ್ಟ ಕಿಡ್ನಿಯನ್ನೂ ಹೊರಗಿನದೆಂದೇ ಎಣಿಸುತ್ತದೆ. 1954ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮೊದಲ ಕಿಡ್ನಿ ಕಸಿ ಯಶಸ್ವಿಯಾದದ್ದು, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ಕಾವಲನ್ನು ತಗ್ಗಿಸುವ ಔಷಧ ಬೇಕೇ ಬೇಕು. ಇಂದು ಹೆಚ್ಚಿನವರಿಗೆ ಕೊಡುವುದು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಟ್ಯಾಕ್ರೋಲಿಮಸ್ ಸಿಕ್ಕಿದ್ದು ಜಪಾನಿನ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಾಣುವಿನಿಂದ, 1984ರಲ್ಲಿ.

"ಈಗ ಆರಾಮಾಗಿದ್ದೇನಲ್ಲ, ಇನ್ನೇಕೆ?" ಎನ್ನುವವರಿದ್ದಾರೆ. ಆರಾಮಾಗಿರುವುದೇ ಮಾತ್ರೆಯಿಂದ. ಬಿಟ್ಟರೆ ನೋವೇ ಕಾಣಿಸದೆ ಕಿಡ್ನಿ ಒಳಗೊಳಗೇ ಕೆಡಬಹುದು, ಮತ್ತೆ ಡಯಾಲಿಸಿಸ್ ಪಾಲಾಗಬೇಕಾದೀತು.

ಟ್ಯಾಕ್ರೋಲಿಮಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ನಮ್ಮಲ್ಲಿ ಸಹರಿಯಿಂದ ಇಫ್ತಾರಿಗೆ 13 ಗಂಟೆಯ ಆಸುಪಾಸು. ನೀರಿಲ್ಲದ ಬೇಸಿಗೆಯ ಹಗಲು ಕಿಡ್ನಿಗೆ ಇನ್ನೊಂದು ಭಾರ. ಸ್ಥಿತಿ ಚೆನ್ನಾಗಿರುವ ಕೆಲವರಿಗೆ ವೈದ್ಯರು ಸಮಯ ಹೊಂದಿಸಿಯೋ, ದಿನಕ್ಕೊಂದೇ ಸಲದ ಮಾತ್ರೆಗೆ ಬದಲಿಸಿಯೋ ಅನುಮತಿ ಕೊಡುವುದುಂಟು. ಕಸಿಯಾಗಿ ವರ್ಷ ತುಂಬದವರಿಗೆ ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಆದ್ದರಿಂದ ಶಾಬಾನ್‌ಗೂ ಮೊದಲೇ ಕಸಿ ವೈದ್ಯರನ್ನು ಕೇಳಿಕೊಳ್ಳಿ. ಅವರು ಬೇಡವೆಂದರೆ, ರೋಗಿಗೆ ಸೂರಃ ಅಲ್ ಬಕರದಲ್ಲಿ ವಿನಾಯಿತಿ ಕೊಟ್ಟವನು ಅಲ್ಲಾಹನೇ. ಫಿದ್ಯಾದ ವಿವರವನ್ನು ಉಲಮಾಗಳು ಹೇಳುತ್ತಾರೆ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಯಿಂದ ಮನೆಯ ಸೊಸೆ ಗುಟ್ಟಾಗಿ ಮಾತ್ರೆ ಬಿಡುವಂತಾದರೆ ತಪ್ಪು ಅವಳದಲ್ಲ, ನಮ್ಮದು.

ಪ್ರೀತಿಯಿಂದ ತಂದುಕೊಡುವ ಕಷಾಯದ ಬಗ್ಗೆಯೂ ಹೇಳಬೇಕು. ರೋಗನಿರೋಧಕ ಶಕ್ತಿ ಹೆಚ್ಚಿಸುವ ಅಮೃತಬಳ್ಳಿ ಇವರಿಗೆ ಸಲ್ಲದು. ತಗ್ಗಿಸಬೇಕಾದ್ದನ್ನೇ ಅದು ಕೆಣಕೀತು. ಚಕ್ಕೋತ ಹಣ್ಣು ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸಬಲ್ಲದು. ಕಲೌಂಜಿಯನ್ನು ಔಷಧವಾಗಿ ಸೇವಿಸುವ ಮೊದಲೂ ವೈದ್ಯರನ್ನು ಕೇಳಿ. ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಅಂದೇ ತಿಳಿಸಿ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಮಾತ್ರೆ ಸಿಕ್ಕರೂ ಕಂಪನಿ ಬದಲಿಸುವ ಮುನ್ನ ವೈದ್ಯರಿಗೆ ಹೇಳಬೇಕು, ರಕ್ತಪರೀಕ್ಷೆ ಮತ್ತೆ ಆಗಬೇಕಾಗುತ್ತದೆ.

ಆ ಪರೀಕ್ಷೆಗೆ ರಕ್ತ ತೆಗೆಯುವುದು ಬೆಳಗಿನ ಮಾತ್ರೆಗೆ ಮೊದಲು. ಗುಬ್ಬಿಯಿಂದ ರೈಲಿನಲ್ಲೋ ಕುಣಿಗಲ್‌ನಿಂದ ಬಸ್ಸಿನಲ್ಲೋ ಬೆಂಗಳೂರಿಗೆ ಹೊರಡುವವರು ಅಂದು ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ನುಂಗಬೇಕು.