ಸಂಜೆಗೆ ಊರು ಸೇರಬಹುದಾದ ಕಾಲೇಜು ಪೇಟೆ

ಹಾಸನದ ಕಾಲೇಜುಗಳಲ್ಲಿ ವರ್ಷದ ಮೊದಲ ತರಗತಿಗೆ ಒಂದು ಕ್ರಮವಿದೆ. ಹೆಸರು, ಪಿಯುಸಿ ಓದಿದ ಕಾಲೇಜು, ಹವ್ಯಾಸ ಎಂದು ಮೇಷ್ಟರು ಕೇಳಿದ್ದನ್ನು ಒಬ್ಬೊಬ್ಬರಾಗಿ ಎದ್ದುನಿಂತು ಒಪ್ಪಿಸುತ್ತಾರೆ. ಹವ್ಯಾಸದ ಸರದಿಯಲ್ಲಿ ಕ್ರಿಕೆಟ್, ಹಾಡು, ರೀಲ್ಸ್ ಬಂದು ಹೋಗುತ್ತವೆ. ನಿಜವಾದ ಪರಿಚಯ ನಡೆಯುವುದು ಮೇಷ್ಟರು ಆಚೆ ಹೋದ ಮೇಲೆ. 'ಯಾವ ಕಡೆ ನಿಮ್ದು?' ಎಂಬುದೊಂದೇ ಪ್ರಶ್ನೆ. ಉತ್ತರಕ್ಕೆ ತಾಲ್ಲೂಕಿನ ಹೆಸರು ಸಾಲದು, ಹೋಬಳಿಯೇ ಬೇಕು. ಕೊಣನೂರು, ದೊಡ್ಡಮಗ್ಗೆ ಎಂದರೆ ಅರಕಲಗೂಡು. ಹಳ್ಳಿ ಮೈಸೂರು, ಹಳೇಕೋಟೆ ಎಂದರೆ ಹೊಳೆನರಸೀಪುರ. ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಎಂದರೆ ಚನ್ನರಾಯಪಟ್ಟಣ. ಅಷ್ಟು ಗೊತ್ತಾದರೆ ಆ ಹುಡುಗ ಯಾವ ಬಸ್ಸಿಗೆ ಬರುತ್ತಾನೆ, ಮನೆಯಲ್ಲಿ ಏನು ಬೆಳೆಯುತ್ತಾರೆ, ಫೀಸಿನ ದುಡ್ಡು ಯಾವ ತಿಂಗಳಲ್ಲಿ ಕೈಗೆ ಬರುತ್ತದೆ ಎಂಬುದೂ ಬಹುಪಾಲು ಗೊತ್ತಾದಂತೆಯೇ.

ಪ್ರವಾಸಿಗರ ಲೆಕ್ಕದಲ್ಲಿ ಹಾಸನವೆಂದರೆ ಬೇಲೂರು–ಹಳೇಬೀಡಿಗೆ ಹೋಗುವವರು ರಾತ್ರಿ ತಂಗುವ ಊರು. ಬೆಂಗಳೂರು–ಮಂಗಳೂರು ನಡುವೆ ಓಡಾಡುವವರಿಗೆ ಕಾಫಿಗೆ ನಿಲ್ಲುವ ಜಾಗ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ರಾಜ್ಯವೆಲ್ಲ ಇತ್ತ ತಿರುಗುತ್ತದೆ. ಉಳಿದ ತಿಂಗಳುಗಳಲ್ಲಿ ಪೇಟೆಗೆ ಜೀವ ತುಂಬುವವರು ವಿದ್ಯಾರ್ಥಿಗಳು. ಜೆರಾಕ್ಸ್ ಅಂಗಡಿ, ಮೆಸ್ಸು, ಪಿ.ಜಿ., ಮೊಬೈಲ್ ರಿಪೇರಿ ಎಲ್ಲವೂ ಅವರನ್ನು ನಂಬಿದವು. ಬೇಕರಿಯ ಮಾತಂತೂ ಬೇರೆ: ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ನಡೆಸುವ ಎಷ್ಟೋ ಮನೆತನಗಳು ಈ ಜಿಲ್ಲೆಯ ಹಳ್ಳಿಗಳವೇ. ಕ್ಲಾಸಿಗೂ ಬಸ್ಸಿಗೂ ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ ಖಾರ ಬನ್ನು, ಟೀ ಮುಗಿಸುವ ಕಲೆ ಇಲ್ಲಿ ಮೊದಲ ಸೆಮಿಸ್ಟರಿನಲ್ಲೇ ಕೈವಶವಾಗುತ್ತದೆ.

ಊರು ಬಿಟ್ಟು ಓದಿದವರು

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ಕಾಲಕ್ಕೆ ಓದು ಎಂದರೆ ಊರು ಬಿಡುವುದು ಎಂದೇ ಅರ್ಥ. ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡ ಹುಡುಗ ಮೈಸೂರು ಸೇರಿ, ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು, ಆ ನಡುವೆ ಪಟ್ಟ ಪಾಡು ಅವರ ಆತ್ಮಕಥೆ 'ಭಿತ್ತಿ'ಯಲ್ಲಿದೆ. 'ಗೃಹಭಂಗ'ದ ನೆಲವೂ ಇದೇ ಸೀಮೆ. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ಇಲ್ಲಿನ ಅನೇಕ ತರಗತಿಗಳಲ್ಲಿ ಮೊದಲು ನೆನಪಾದದ್ದು ನಮ್ಮ ತಾಲ್ಲೂಕಿನವರು ಎಂಬ ಅಭಿಮಾನ. ಗೊರೂರಿನ ರಾಮಸ್ವಾಮಿ ಅಯ್ಯಂಗಾರರಂತೂ ಇನ್ನೂ ದೂರ ಹೋದರು. ಗಾಂಧೀಜಿಯ ಸೆಳೆತಕ್ಕೆ ಸಿಕ್ಕಿ ಗುಜರಾತ್ ವಿದ್ಯಾಪೀಠದಲ್ಲಿ ಓದಿ ಬಂದರು.

ಹಾಸನದಲ್ಲೇ ಓದಿ ದೂರ ಹೋದವರ ಮೊದಲ ದೊಡ್ಡ ಉದಾಹರಣೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯದು. 1933ರಲ್ಲಿ ಅಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದರು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು, 1996ರಲ್ಲಿ ಪ್ರಧಾನಿಯಾದರು. ರಾಜಕೀಯದಲ್ಲಿ ಯಾವ ಪಕ್ಷದವರೇ ಇರಲಿ, ಮಗನನ್ನು ಡಿಪ್ಲೊಮಾಗೆ ಸೇರಿಸುವ ಅಪ್ಪಂದಿರು ಈ ಮಾತನ್ನು ಎತ್ತದೆ ಬಿಡುವುದಿಲ್ಲ.

ಆಮೇಲೆ ಕಾಲೇಜುಗಳು ಒಂದೊಂದಾಗಿ ಬಂದವು. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು. ಊರವರ ಬಾಯಲ್ಲಿ ಅದು ಎಂಸಿಇ. 1992ರಲ್ಲಿ ತಣ್ಣೀರುಹಳ್ಳದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು. 2006ರಲ್ಲಿ ಚಾಮರಾಜೇಂದ್ರ ಆಸ್ಪತ್ರೆಗೆ ಹೊಂದಿಕೊಂಡು ವೈದ್ಯಕೀಯ ಕಾಲೇಜು, ಅಂದರೆ ಹಿಮ್ಸ್. ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಜೊತೆಗೆ ಪಶುವೈದ್ಯಕೀಯ ಕಾಲೇಜು, ಸರ್ಕಾರಿ ಕಲಾ, ವಿಜ್ಞಾನ, ಗೃಹವಿಜ್ಞಾನ ಕಾಲೇಜುಗಳು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಶಾಲಾ ಹಂತದಲ್ಲೂ ಜಿಲ್ಲೆ ಒಮ್ಮೆ ತಲೆ ಎತ್ತಿ ನಿಂತಿತ್ತು: 2019ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ. ಒಂದು ಕಾಲಕ್ಕೆ ಊರು ಬಿಡಿಸುತ್ತಿದ್ದ ಓದು ಈಗ ಊರಿನಿಂದ 30–40 ಕಿಲೋಮೀಟರ್ ದೂರದಲ್ಲೇ ಸಿಗುತ್ತದೆ. ಹಾಸನದ ವಿದ್ಯಾರ್ಥಿ ಬದುಕಿನ ರೀತಿನೀತಿಗಳನ್ನೆಲ್ಲ ರೂಪಿಸಿರುವುದು ಈ ದೂರವೇ.

ಮೂರು ದಾರಿ, ಮೂರು ಲೆಕ್ಕ

ಹೊಳೆನರಸೀಪುರದವರಿಗೆ ರೈಲಿದೆ. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಮಾರ್ಗ ಅವರ ಊರನ್ನು ಮುಟ್ಟಿಕೊಂಡೇ ಬರುತ್ತದೆ. ತಿಂಗಳ ಪಾಸು ಮಾಡಿಸಿಕೊಂಡವರ ಗುಂಪಿಗೆ ಬೋಗಿಯೇ ಕಾಮನ್ ರೂಮು. ಇಂಟರ್ನಲ್ಸ್ ಇದ್ದ ದಿನ ಅದೇ ಓದುವ ಕೋಣೆ. ಹೇಮಾವತಿಯ ದಂಡೆಯ ಈ ಪಟ್ಟಣಕ್ಕೆ ಲಕ್ಷ್ಮೀನರಸಿಂಹನೇ ಗುರುತು, ಕಾಲುವೆಯ ನೀರಿನ ಭತ್ತವೇ ಬಲ. ಇಲ್ಲಿಂದ ಹಾಸನಕ್ಕೆ ಬರುವ ದಾರಿಯ ಮೊಸಳೆಹೊಸಹಳ್ಳಿಯಲ್ಲೇ ಒಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇರುವುದರಿಂದ ಅರ್ಧದಾರಿಯಲ್ಲೇ ಇಳಿದುಕೊಳ್ಳುವ ವಿದ್ಯಾರ್ಥಿಗಳೂ ಇದ್ದಾರೆ. ಪಕ್ಕದ ಮೊಸಳೆಯಲ್ಲಿ ಹೊಯ್ಸಳರ ಅವಳಿ ದೇವಾಲಯಗಳಿವೆ: ನಾಗೇಶ್ವರ, ಚೆನ್ನಕೇಶವ. ಗೆಳೆಯರನ್ನು ಮನೆಗೆ ಕರೆದವರು ಮೊದಲು ತೋರಿಸುವುದು ಅವನ್ನೇ.

ಚನ್ನರಾಯಪಟ್ಟಣದವರಿಗೆ ಹೆದ್ದಾರಿಯೂ ಇದೆ, ರೈಲೂ ಇದೆ. 2017ರ ಮಾರ್ಚ್‌ನಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ಹೊಸ ಮಾರ್ಗ ಉದ್ಘಾಟನೆಯಾದಾಗ ಹೆಚ್ಚು ಲಾಭವಾದದ್ದು ಇವರಿಗೆ. ಅದರಿಂದಲೇ ಇವರ ಮನಸ್ಸು ಎರಡು ಕಡೆ ಹಂಚಿಹೋಗಿದೆ. ಪಶ್ಚಿಮಕ್ಕೆ ಹಾಸನ, ಪೂರ್ವಕ್ಕೆ ಬೆಂಗಳೂರು. ಸೀಟು ಎಲ್ಲಿ ಸಿಕ್ಕಿತೋ ಆ ದಿಕ್ಕಿನ ಬಸ್ಸು. ತಾಲ್ಲೂಕಿನೊಳಗೇ, ಗೊಮ್ಮಟನ ಬೆಟ್ಟದ ಊರಾದ ಶ್ರವಣಬೆಳಗೊಳದಲ್ಲಿ 1997ರಿಂದ ಬಾಹುಬಲಿ ಎಂಜಿನಿಯರಿಂಗ್ ಕಾಲೇಜಿದೆ. ಮನೆಗಳಲ್ಲಿ ತೆಂಗು, ಕೊಬ್ಬರಿ. ಶ್ರೀನಿವಾಸಪುರದ ಸಕ್ಕರೆ ಕಾರ್ಖಾನೆಯ ಸುತ್ತ ಕಬ್ಬು. ಕೊಬ್ಬರಿ ಧಾರಣೆ ಏರಿದ ವರ್ಷ ಹೊಸ ಲ್ಯಾಪ್‌ಟಾಪ್. ಬಿದ್ದ ವರ್ಷ ಅಣ್ಣನದೇ ಹಳೆಯದು.

ಅರಕಲಗೂಡಿನವರಿಗೆ ರೈಲಿಲ್ಲ. ಇರುವುದೆಲ್ಲ ಬಸ್ಸು. ಕಾವೇರಿ ದಂಡೆಯ ರಾಮನಾಥಪುರ, ಕೊಣನೂರಿನಿಂದ ಬರುವವರು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಎಂದು ಎರಡು ಬಸ್ಸು ಹಿಡಿಯುವುದುಂಟು. ಮೊದಲನೆಯದು ತಡವಾದರೆ ಮೊದಲ ಪೀರಿಯಡ್ಡು ಹೋಯಿತು. ತಾಲ್ಲೂಕಿನ ಒಂದು ಭಾಗದಲ್ಲಿ ಹೊಗೆಸೊಪ್ಪೇ ದೊಡ್ಡ ಬೆಳೆ. ಹರಾಜು ಮಾರುಕಟ್ಟೆ ರಾಮನಾಥಪುರದಲ್ಲಿದೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ ಬೇಯಿಸುವ ಮಳೆಗಾಲದ ತಿಂಗಳುಗಳಲ್ಲೇ ಕಾಲೇಜು ದಾಖಲಾತಿಯೂ ಶುರುವಾಗುತ್ತದೆ. ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾದ ಹುಡುಗ ಮರುದಿನ ಕೊನೆಯ ಬೆಂಚಿನಲ್ಲಿ ತೂಕಡಿಸಿದರೆ ಕಾರಣ ಮೊಬೈಲೇ ಆಗಬೇಕಿಲ್ಲ. ಹರಾಜು ಶುರುವಾಗುವುದು ಮಳೆ ಹಿಂದಾದ ಮೇಲೆ. ದಾಖಲಾತಿಗೂ ಹರಾಜಿಗೂ ನಡುವಿನ ಆ ತಿಂಗಳುಗಳಲ್ಲಿ ಕೈಸಾಲವೇ ಫೀಸು ಕಟ್ಟುತ್ತದೆ.

ಪಾಸು, ಶಕ್ತಿ, ಕಡೇ ಬಸ್ಸು

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ವಿದ್ಯಾರ್ಥಿನಿಯರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹುಡುಗರು ಪಾಸು ಮಾಡಿಸಬೇಕು. ಈ ಬಗ್ಗೆ ತರಗತಿಯಲ್ಲಿ ತಮಾಷೆ ನಡೆಯುತ್ತಲೇ ಇರುತ್ತದೆ, ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದ ದೂರೂ ಇದೆ. ಆದರೆ ಹಳ್ಳಿಯ ಮನೆಯಲ್ಲಿ ಮಗಳ ಓದನ್ನು ನಿರ್ಧರಿಸುವ ಪ್ರಶ್ನೆ ಟಿಕೆಟ್ಟಿನದೊಂದೇ ಅಲ್ಲ. ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಎಂಬುದು ಅದಕ್ಕಿಂತ ದೊಡ್ಡದು. ಹಾಸನ ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ದೂರದಲ್ಲಿದೆ ಎಂಬ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಡಿಗ್ರಿಗೆ, ಎಂ.ಎ.ಗೆ ಒಪ್ಪಿಗೆ ಸಿಕ್ಕಿದೆ.

ಇದಕ್ಕೆ ತೆರುವ ಬೆಲೆಯೂ ಇದೆ. ಒಂದೇ ಕಾಲೇಜಿನಲ್ಲಿ ಎರಡು ಕಾಲೇಜುಗಳಿರುತ್ತವೆ. ಹಾಸ್ಟೆಲ್‌ನವರ ಕಾಲೇಜು ನಾಲ್ಕು ಗಂಟೆಯ ನಂತರ ಆರಂಭ: ಗ್ರಂಥಾಲಯ, ವಾಲಿಬಾಲ್, ನಾಟಕದ ರಿಹರ್ಸಲ್, ಪ್ಲೇಸ್‌ಮೆಂಟ್ ತರಬೇತಿ. ಬಸ್ಸಿನವರ ಕಾಲೇಜು ಅಷ್ಟೊತ್ತಿಗೆ ಮುಗಿದಿರುತ್ತದೆ. ಕೊನೆಯ ಪೀರಿಯಡ್ಡಿನಲ್ಲಿ ಅವರ ಕಣ್ಣು ಬೋರ್ಡಿಗಿಂತ ಗಡಿಯಾರದ ಮೇಲೆ. ನವೆಂಬರ್‌ನ ರಾಜ್ಯೋತ್ಸವದ ನೃತ್ಯಕ್ಕೆ ಹೆಸರು ಕೊಡಬೇಕಾದರೆ ಅಭ್ಯಾಸ ಮಧ್ಯಾಹ್ನದ ಊಟದ ಬಿಡುವಿನಲ್ಲೇ ಆಗಬೇಕು. ಕೆಲವು ಮೇಷ್ಟರು ಇದನ್ನು ಅರಿತು ಬಿಡುವಿನ ವೇಳೆಯಲ್ಲೇ ಎಲ್ಲ ಹೊಂದಿಸುತ್ತಾರೆ. ಹೊಂದಿಸದ ಕಡೆ ವೇದಿಕೆ ಹಾಸ್ಟೆಲ್ಲಿನವರ ಪಾಲಾಗುತ್ತದೆ. ಈ ಅಂತರ ಸ್ವಲ್ಪವಾದರೂ ಅಳಿಯುವುದು ಎನ್ಎಸ್ಎಸ್ ಶಿಬಿರದಲ್ಲಿ. ವಾರವಿಡೀ ಯಾವುದೋ ಹಳ್ಳಿಯ ಶಾಲೆಯಲ್ಲಿ ಒಟ್ಟಿಗೆ ಮಲಗಿ, ಚರಂಡಿ ತೆಗೆದು, ರಾತ್ರಿ ಹಾಡಿ ಕುಣಿದ ಮೇಲೆ ಬಸ್ಸು–ಹಾಸ್ಟೆಲ್ಲಿನ ಭೇದ ನೆನಪಿಗೆ ಬರುವುದಿಲ್ಲ. ಅಲ್ಲಿ ಹಳ್ಳಿಯ ಹುಡುಗರದೇ ಮೇಲುಗೈ: ಗುದ್ದಲಿ ಹಿಡಿಯಲು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಾಲಗಾಮೆ ರಸ್ತೆಯ ಆಕಾಶ

ಎಂಸಿಇ ಇರುವ ಸಾಲಗಾಮೆ ರಸ್ತೆಯಲ್ಲೇ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವೂ ಇದೆ. ಊರವರಿಗೆ ಅದು ಎಂಸಿಎಫ್. ಇನ್ಸಾಟ್ ಸರಣಿ ಆರಂಭವಾದ 1982ರಿಂದ ಇಲ್ಲಿಂದ ಉಪಗ್ರಹಗಳನ್ನು ನಿಯಂತ್ರಿಸಲಾಗುತ್ತಿದೆ. 2005ರಲ್ಲಿ ಭೋಪಾಲ್‌ನಲ್ಲಿ ಎರಡನೆಯ ಕೇಂದ್ರ ಬರುವವರೆಗೆ ದೇಶದಲ್ಲಿ ಇಂಥದ್ದು ಇದೊಂದೇ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗದಿಂದ ಅಲುಗದಂತೆ ನೋಡಿಕೊಳ್ಳುವ ಕೆಲಸ, ಹಾಸನದ ಹುಡುಗರು ದಿನವೂ ಬೈಕಿನಲ್ಲಿ ಹಾದುಹೋಗುವ ಕಾಂಪೌಂಡಿನ ಒಳಗೆ ನಡೆಯುತ್ತದೆ. ಕಿಟಕಿಯಿಂದ ಕಾಣುವ ದೊಡ್ಡ ಡಿಶ್ ಆಂಟೆನಾಗಳು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡ ಹಳ್ಳಿಯ ಹುಡುಗರಿಗೆ ಯಾವ ಭಾಷಣಕ್ಕಿಂತ ಹೆಚ್ಚು ಮಾತಾಡುತ್ತವೆ. ಕೆಲಸದ ಮಾತು ಬಂದಾಗ ಮಾತ್ರ ಹೆಚ್ಚಿನವರು ಬೆಂಗಳೂರಿನ ರೈಲೇ ಹತ್ತುತ್ತಾರೆ. ಇಲ್ಲಿನ ಜವಳಿ ಕಾರ್ಖಾನೆ, ಡೇರಿ, ಬ್ಯಾಂಕುಗಳು ಎಲ್ಲರಿಗೂ ಸಾಲುವುದಿಲ್ಲ.

ಪರಿಚಯದಲ್ಲಿ ಹೇಳದ ಹವ್ಯಾಸಗಳು

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಿಂದ ಬಂದವರಿಗೆ ಸಂಗೀತ ಗೊತ್ತೇ ಎಂದು ಕೇಳುವುದು ವಾಡಿಕೆ. ಕಾವೇರಿ ದಂಡೆಯ ಆ ಪುಟ್ಟ ಊರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಮುಂತಾದ ಕರ್ನಾಟಕ ಸಂಗೀತಗಾರರನ್ನು ಕೊಟ್ಟಿದೆ. ತಂಬೂರಿಯ ಆಕಾರದ ಸಪ್ತಸ್ವರ ದೇವಾಲಯವೂ ಅಲ್ಲಿದೆ. ಎಲ್ಲರೂ ಹಾಡುವುದಿಲ್ಲ, ಆದರೆ ಆ ಊರಿನವರು ಕಾಲೇಜಿನ ಪ್ರಾರ್ಥನೆಗೆ ತಪ್ಪಿಸಿಕೊಳ್ಳುವುದು ಕಷ್ಟ.

ಬರೆಯುವ ಹುಡುಗಿಯರಿಗೆ 2025 ವಿಶೇಷ ವರ್ಷ. ಹಾಸನದಲ್ಲೇ ಹುಟ್ಟಿ, ವಕೀಲಿಕೆ ನಡೆಸಿ, ಲಂಕೇಶ್ ಪತ್ರಿಕೆಗೆ ವರದಿ ಬರೆದು, ನಗರಸಭೆ ಸದಸ್ಯೆಯೂ ಆಗಿದ್ದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಆ ವರ್ಷದ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಿತು. ಕನ್ನಡಕ್ಕೆ ಇದು ಮೊದಲು. ಕಥಾಸಂಕಲನವೊಂದಕ್ಕೂ ಇದೇ ಮೊದಲು. ಬರೆಯಬೇಕಾದರೆ ಬೆಂಗಳೂರಿಗೆ ಹೋಗಬೇಕು ಎಂಬ ನಂಬಿಕೆಗೆ ಹಾಸನದ ನ್ಯಾಯಾಲಯದಲ್ಲಿ ಕೇಸು ನಡೆಸುತ್ತಲೇ ಬರೆದವರೊಬ್ಬರು ಉತ್ತರ ಕೊಟ್ಟರು.

ಉಳಿದಂತೆ ಭಾನುವಾರಗಳು ಬೈಕಿನವು. ಗೊರೂರು ಅಣೆಕಟ್ಟೆ, ಅದರ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರೆಮುಳುಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚು, ಹೊಯ್ಸಳರ ದೊಡ್ಡಗದ್ದವಳ್ಳಿ, ಇನ್ನೂ ಮುಂದೆ ಸಕಲೇಶಪುರದ ಮಂಜರಾಬಾದ್ ಕೋಟೆ. ಡಿಸೆಂಬರ್, ಜನವರಿಯಲ್ಲಿ ಇದ್ಯಾವುದೂ ಬೇಡ. ಊರಿಗೆ ಹೋದರೆ ಸೊಗಡವರೆ ಸಾರು, ಅಕ್ಕಿ ರೊಟ್ಟಿ. ಸೋಮವಾರದ ಡಬ್ಬಿಯಲ್ಲಿ ಅದರ ಪಾಲು ಹಾಸ್ಟೆಲ್ಲಿನವರಿಗೂ ಇರಲೇಬೇಕು.

ದೂರವನ್ನು ಮತ್ತೆ ಹೆಚ್ಚಿಸಬೇಕೆ?

2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯವುಗಳಲ್ಲಿ ವಿಲೀನಗೊಳಿಸುವ ಮಾತು ಸರ್ಕಾರದ ಮಟ್ಟದಲ್ಲಿ ಬಂದಾಗ ಆ ಪಟ್ಟಿಯಲ್ಲಿ ಹಾಸನದ ಹೆಸರೂ ಇತ್ತು. ಹಣವಿಲ್ಲ, ಬೋಧಕರ ಹುದ್ದೆಗಳಿಲ್ಲ ಎಂಬ ವಾದದಲ್ಲಿ ಸತ್ಯವಿದೆ. ಹೆಸರು ಬದಲಿಸಿದ ಮಾತ್ರಕ್ಕೆ ಪ್ರಯೋಗಾಲಯ ಬರುವುದಿಲ್ಲ. ಆದರೆ ಲೆಕ್ಕಪತ್ರ ನೋಡುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಹೇಮಗಂಗೋತ್ರಿಯಲ್ಲಿ ತರಗತಿ ಉಳಿಯದಿದ್ದರೆ ಕೊಣನೂರು ಕಡೆಯ ಹುಡುಗ ಹೇಗೋ ಮೈಸೂರಿನಲ್ಲಿ ರೂಮು ಮಾಡುತ್ತಾನೆ. ಅದೇ ಮನೆಯ ಹುಡುಗಿಯ ಎಂ.ಎ. ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ವಿಶ್ವವಿದ್ಯಾಲಯದ ಫಲಕ ಯಾವುದಾದರೂ ಇರಲಿ, ತರಗತಿಗಳು ಈ ದೂರದಲ್ಲೇ ಉಳಿಯಬೇಕು ಎಂಬುದು ಇಲ್ಲಿನ ಬೇಡಿಕೆಯ ತಿರುಳು.

ಹೊಸದಾಗಿ ಬರುವವರಿಗೆ

ಬೆಂಗಳೂರು, ಮೈಸೂರು, ಮಂಗಳೂರಿನಿಂದ ಹಾಸನಕ್ಕೆ ಬಸ್ಸೂ ಇದೆ, ರೈಲೂ ಇದೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ದಾಖಲಾತಿ, ಪರೀಕ್ಷೆ ಕೆಲಸ ಇಟ್ಟುಕೊಂಡರೆ ಲಾಡ್ಜು ಸಿಗುವುದು ಕಷ್ಟ, ರಸ್ತೆಗಳೂ ಬಂದ್. ದಿನಾಂಕ ನೋಡಿಕೊಂಡು ಬರುವುದು ಒಳ್ಳೆಯದು. ಸರ್ಕಾರಿ ಹಾಸ್ಟೆಲ್ ಬೇಕಾದವರು ಕಾಲೇಜು ಸೇರಿದ ವಾರವೇ ಅರ್ಜಿ ಹಾಕಬೇಕು. ಸುತ್ತಲಿನ ತಾಲ್ಲೂಕುಗಳವರು ಮೊದಲ ವರ್ಷಗಳಲ್ಲಿ ಊರಿನಿಂದ ಓಡಾಡಿಕೊಂಡು ಓದುವುದು ಅಗ್ಗ. ಕೈಗೂಡಿದರೆ ಕೊನೆಯ ವರ್ಷವಾದರೂ ಹಾಸನದಲ್ಲಿ ರೂಮು ಮಾಡುವುದು ಲೇಸು. ನಾಲ್ಕು ಗಂಟೆಯ ನಂತರ ಆರಂಭವಾಗುವ ಕಾಲೇಜೂ ಆಗ ದಕ್ಕುತ್ತದೆ.