ಮುಚ್ಚದ ಕಿಟಕಿ
ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನಾಲೆ ನೀರು, ಭತ್ತದ ಗದ್ದೆ. ಸಂಜೆಯಾದರೆ ಸೊಳ್ಳೆ. ಮೆದುಳು ಜ್ವರ ಹರಡುವ ಸೊಳ್ಳೆ ಗದ್ದೆ ನೀರಲ್ಲೇ ಬೆಳೆಯೋದು. ಮಕ್ಕಳಿಗೆ ಅದು ಹೆಚ್ಚು ಅಪಾಯ. ಅದಕ್ಕೇ ಹೊತ್ತು ಮುಳುಗುವ ಮೊದಲೇ ಕಿಟಕಿ ಮುಚ್ಚಬೇಕು.

ಆದರೆ ಮಳೆಗಾಲದಲ್ಲಿ ಮರದ ಕಿಟಕಿ ಮುಚ್ಚೋದೇ ಇಲ್ಲ! ಯಾಕೆ? ಮರ ತೇವ ಹೀರಿ ಉಬ್ಬುತ್ತದೆ. ನಾವು ಕೂಡಲೇ ಆಚಾರರನ್ನು ಕರೆಸಿ ಅಂಚು ಕೆತ್ತಿಸಿಬಿಡುತ್ತೇವೆ. ಬೇಸಿಗೆ ಬಂದಾಗ ಮರ ಒಣಗಿ ಕುಗ್ಗುತ್ತದೆ. ಸಂದು ಬಿಡುತ್ತದೆ. ಸೊಳ್ಳೆಗೆ ಅಷ್ಟೇ ಸಾಕು.

ಮೊದಲು ಕೀಲಿನ ಸ್ಕ್ರೂ ನೋಡೋಣ. ಸಡಿಲವಾಗಿದ್ದರೆ ಬಾಗಿಲು ಜೋಲುತ್ತದೆ, ಬಿಗಿ ಮಾಡೋಣ. ತೂತು ದೊಡ್ಡದಾಗಿದೆಯಾ? ಮದ್ದು ಮುರಿದ ಬೆಂಕಿಕಡ್ಡಿ ತುರುಕಿ ಸ್ಕ್ರೂ ತಿರುಗಿಸೋಣ. ಉಜ್ಜುವ ಜಾಗಕ್ಕೆ ಮೇಣದಬತ್ತಿ ತಿಕ್ಕೋಣ.

ಮರ ಚೆನ್ನಾಗಿ ಒಣಗಿದ ಮೇಲೆ ಅಂಚಿಗೆಲ್ಲ ಬಣ್ಣ ಬಳಿಯೋಣ. ಕೆಳಗಿನ ಅಂಚನ್ನು ಮರೆಯಬಾರದು. ಅದು ಕಣ್ಣಿಗೆ ಬೀಳೋದಿಲ್ಲ, ನೀರು ಹೀರೋದು ಮಾತ್ರ ಅಲ್ಲೇ.