ಬಿಚ್ಚಿ ಕಟ್ಟಿದ ಪಂಪಿನ ಎಂಜಿನ್ ನಡೆಸುವ ಮುನ್ನ

ಡೀಸೆಲ್ ಎಂಜಿನ್ನಿಗೆ ಹೊಸ ಪಿಸ್ಟನ್, ಬೇರಿಂಗು ಹಾಕಿಸಿದ ಕೂಡಲೇ ಓಡಿಸಕೂಡದು. ಎಣ್ಣೆ ಮುಟ್ಟದ ಬೇರಿಂಗು ಉಜ್ಜಿ ಹಾಳಾಗುವುದು.

ಮೊದಲು ಎಣ್ಣೆಯನ್ನು ಕಡ್ಡಿಯ ಗುರುತಿನವರೆಗೆ ಹಾಕಿರಿ. ತಣಿಸುವ ನೀರು ತುಂಬಿರಿ. ಡೀಸೆಲ್ ಕೊಳವೆಯಲ್ಲಿನ ಗಾಳಿ ತೆಗೆಯಿರಿ. ಬಳಿಕ ಡೀಸೆಲ್ ನಿಲ್ಲಿಸಿ, ಡಿಕಂಪ್ರೆಶನ್ ಲಿವರ್ ಎತ್ತಿ, ಎಣ್ಣೆ ಹರಡುವಂತೆ ಹಲವು ಸುತ್ತು ಕೈಯಿಂದ ತಿರುಗಿಸಿರಿ. ಎಲ್ಲಿಯಾದರೂ ತಡೆದರೆ ಮೆಕ್ಯಾನಿಕ್ಕನನ್ನು ಕರೆಯಿರಿ.

ಓಡಿಸುವಾಗ ಪಂಚೆಯನ್ನು ಬಿಗಿಯಾಗಿ ಕಟ್ಟಿರಿ. ಹೆಬ್ಬೆರಳು ಹ್ಯಾಂಡಲನ್ನು ಸುತ್ತದಿರಲಿ. ಹ್ಯಾಂಡಲ್ ತಿರುಗಿ ಹೊಡೆದರೆ ಕೈ ಮುರಿದೀತು. ಪಂಪುಮನೆಯ ಬಾಗಿಲು ತೆರೆದಿಡಿ; ಹೊಗೆಯಲ್ಲಿ ವಿಷಾನಿಲವಿದೆ. ಎಂಜಿನ್ ಅಂಕೆ ಮೀರಿದರೆ ಡೀಸೆಲ್ ನಿಲ್ಲಿಸಿರಿ. ಆಗಲೂ ನಿಲ್ಲದಿದ್ದರೆ ಗಾಳಿ ಎಳೆಯುವ ಬಾಯನ್ನು ಹಲಗೆಯಿಂದ ಮುಚ್ಚಿರಿ, ಕೈಯಿಂದಲ್ಲ.

ಮೊದಲ ಸಲ ಬೆಲ್ಟು ಕಳಚಿ ಕೆಲವೇ ನಿಮಿಷ ನಡೆಸಿ, ನಿಲ್ಲಿಸಿ, ಸೋರಿಕೆ ನೋಡಿರಿ. ಮೊದಲು ಹಾಕಿದ ಎಣ್ಣೆಯನ್ನು ಬೇಗನೆ ಬದಲಿಸಿರಿ. ಅದರಲ್ಲಿ ಲೋಹದ ಪುಡಿ ಸೇರಿರುತ್ತದೆ.